ನಮ್ಮ ಕಾರಿಗೆ ಬೆಳಗಾಗುವುದೇ ಲೇಟು

ಕಡಲೆಕಾಯಿ ಪರಿಷೆ ಮುಗಿದ ವಾರದಿಂದ ಚಳಿ ಶಿವ ಶಿವ ಎಂದು ಓಡಿಹೋಗುವ ಶಿವರಾತ್ರಿಯವರೆಗೆ ನಮ್ಮ ಬೀದಿಯಲ್ಲಿ ಯಾರಿಗೂ ಅಲಾರಂ ಬೇಡ. ಬೆಳಿಗ್ಗೆ ಆರೂವರೆಗೆ ನನ್ನ ಕಾರು ಸ್ಟಾರ್ಟ್ ಆಗುತ್ತದೆ. ಅರ್ಧ ನಿಮಿಷ ಗಡಗಡ ಎಂದು ಆಫ್ ಆಗುತ್ತದೆ. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹೀಗೆ ಏಳೆಂಟು ಸಲ. ಎದುರು ಮನೆಯ ರಾಯರು ಮಲಗಿದ್ದಲ್ಲೇ ಇದನ್ನು ಎಣಿಸುತ್ತಾರಂತೆ. "ನಾಲ್ಕನೇ ಸಲಕ್ಕೆ ಎದ್ದು ಹಲ್ಲುಜ್ಜುತ್ತೀನಿ, ಆರನೇ ಸಲಕ್ಕೆ ಡಿಕಾಕ್ಷನ್ ಇಳಿದಿರುತ್ತೆ," ಎಂದು ಒಮ್ಮೆ ಹೇಳಿದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ.

ಕಾರು 1997ರ ಮಾರುತಿ 800. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಕೊಂಡಿದ್ದು. 796 ಸಿಸಿ, ಮೂರು ಸಿಲಿಂಡರ್. ನಾಲ್ಕು ಸಿಲಿಂಡರಿನ ಕಾರುಗಳು ನಿಂತಲ್ಲಿ ಸುಮ್ಮನಿರುತ್ತವೆ. ಇದು ಹಾಗಲ್ಲ, ದೇವರು ಮೈಮೇಲೆ ಬರುವ ಮುಂಚೆ ಸಣ್ಣಗೆ ನಡುಗುತ್ತಾರಲ್ಲ, ಹಾಗೆ ನಡುಗುತ್ತಿರುತ್ತದೆ. ಕಂಪನಿಯವರು ಈ ಮಾಡೆಲ್ ಮಾಡುವುದನ್ನೇ 2014ರಲ್ಲಿ ನಿಲ್ಲಿಸಿಬಿಟ್ಟರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಇಟ್ಟುಕೊಂಡಿದ್ದೇನೆ. ಯಾಕೆ ಎಂದು ಕೇಳಬೇಡಿ. ಮನೆಯಲ್ಲಿ ದಿನಾ ಕೇಳುತ್ತಾರೆ.

ಬೆಂಗಳೂರಿನ ಚಳಿಯೂ ಒಂದು ಚಳಿಯೇ ಎಂದು ಮಡಿಕೇರಿಯವರು ನಗಬಹುದು. ಊರಿನ ದಾಖಲೆಯ ಚಳಿ ಎಂದರೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆಗ ನಮ್ಮ ಕಾರು ಇರಲಿಲ್ಲ. ಇದ್ದಿದ್ದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಈಗಿನ ಹದಿನೈದು ಡಿಗ್ರಿಗೇ ಅದು ಹೊದ್ದು ಮಲಗುತ್ತದೆ.

ವಿಷಯ ಇಷ್ಟೇ. ಕಾರ್ಬೊರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಅದಿರುವ ಗಾಡಿಯಲ್ಲಿ ಪೆಟ್ರೋಲು ಗಾಳಿಯ ಜೊತೆ ಆವಿಯಾಗಿ ಇಂಜಿನ್ನಿನೊಳಗೆ ಹೋಗಬೇಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹೆಚ್ಚು ಕಡಿಮೆ ಹದಿನೈದು ಪಾಲು ಗಾಳಿ. ಬೆಳಿಗ್ಗೆ ಒಳಗಿನ ಪೈಪೆಲ್ಲ ತಣ್ಣಗಿರುತ್ತದಲ್ಲ, ಐಸ್ ನೀರಿನ ಲೋಟದ ಮೈಮೇಲೆ ಹನಿ ಕೂರುವ ಹಾಗೆ ಅರ್ಧ ಪೆಟ್ರೋಲು ಗೋಡೆಗೇ ಅಂಟಿಕೊಳ್ಳುತ್ತದೆ. ಇಂಜಿನ್ನಿಗೆ ಸಿಗುವುದು ಬರೀ ಗಾಳಿ. ಆಯಿಲು ಬೇರೆ ಗಟ್ಟಿಯಾಗಿರುತ್ತದೆ. ಅದಕ್ಕೇ ಚೋಕ್. ಡ್ಯಾಶ್‌ಬೋರ್ಡಿನ ನಾಬ್ ಎಳೆದರೆ ಕಾರ್ಬೊರೇಟರಿನ ಬಾಯಿಗೆ ಒಂದು ತಗಡಿನ ಮುಚ್ಚಳ ಅಡ್ಡ ಬರುತ್ತದೆ. ಗಾಳಿ ಕಮ್ಮಿ, ಪೆಟ್ರೋಲು ಜಾಸ್ತಿ. ಜೊತೆಗೆ ಇನ್ನೊಂದು ಪುಟ್ಟ ಲಿವರು ಆಕ್ಸಿಲರೇಟರನ್ನು ಚೂರು ಒತ್ತಿ ಹಿಡಿಯುತ್ತದೆ. ಎರಡು ಮೂರು ನಿಮಿಷ ಕಳೆದು ಇಂಜಿನ್ ಬಿಸಿಯಾದ ಮೇಲೆ ನಾಬ್ ಒಳಗೆ ತಳ್ಳಿದರೆ ಆಯಿತು. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ, ಅಂದರೆ ಕಾರ್ಬೊರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಏರ್ಪಾಡು, ಬಂದ ಮೇಲೆ ಈ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಆ ಗಾಡಿಯವರಿಗೆ ಚೋಕ್ ಎಂದರೆ ಗೊತ್ತಿಲ್ಲ. ಪುಣ್ಯವಂತರು.

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಾಬ್ ಎಳೆದೆ. ಬಂತು. ಇನ್ನೂ ಬಂತು. ಒರಳಿನಿಂದ ಶಾವಿಗೆ ಬಂದ ಹಾಗೆ ಎರಡಡಿ ತಂತಿ ನನ್ನ ತೊಡೆಯ ಮೇಲೆ ಬಂದು ಬಿತ್ತು. ಕೇಬಲ್ ತುಂಡಾಗಿತ್ತು. ಅದರದ್ದೇನೂ ತಪ್ಪಿಲ್ಲ ಬಿಡಿ. ಅಷ್ಟು ವರ್ಷ ದಿನಾ ಎಳೆದರೆ ಮನುಷ್ಯನ ಕೈಯೇ ಬಿದ್ದುಹೋಗುತ್ತದೆ.

ಒಂದು ವಾರ ಕೈಯಲ್ಲೇ ಚೋಕ್ ಮಾಡಿದೆ. ಅಂದರೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಕಾರ್ಬೊರೇಟರಿನ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು. ಒಳಗೆ ಹೆಂಡತಿ ಕೀ ತಿರುಗಿಸುವುದು. ಗಾಡಿಯೇನೋ ಸ್ಟಾರ್ಟ್ ಆಗುತ್ತಿತ್ತು. ಆದರೆ ಕೈಗೆ ಪೆಟ್ರೋಲಿನ ವಾಸನೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ನಿಂಬೆಹಣ್ಣಿಗೂ ಹೋಗುವುದಿಲ್ಲ. ಉಪ್ಪಿಟ್ಟು ತಿಂದರೂ ಪೆಟ್ರೋಲು, ಮೊಸರನ್ನ ತಿಂದರೂ ಪೆಟ್ರೋಲು. ನಾಲ್ಕನೆಯ ದಿನ ಇವಳು ದೇವರ ಮುಂದೆ ದೀಪ ಹಚ್ಚುವಾಗ "ರೀ, ಸ್ವಲ್ಪ ದೂರ ನಿಂತ್ಕೊಳ್ಳಿ" ಎಂದಳು.

ಹೊಸ ಕೇಬಲ್ ಹುಡುಕಿಕೊಂಡು, ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವನು "ಇದೆ ಸಾರ್, ಆದ್ರೆ ಸ್ಟಾಕ್ ಮುಗಿದಿದೆ, ಸೋಮವಾರ ಬನ್ನಿ" ಎಂದ. ಸೋಮವಾರ ಹೋಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ತಲೆಗೆ ಗುಜರಿ ಹೊಕ್ಕಿತು. ಸುಮ್ನೆ ಹೊಸದಕ್ಕೆ ಯಾಕೆ ದುಡ್ಡು ಅಂತ.

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಓಡಾಡಿದವರಿಗೆ ಗೊತ್ತು, ಅದು ಕಾರುಗಳ ಪರಲೋಕ. ಒಂದು ಕಡೆ ಬರೀ ಬಾಗಿಲು, ಒಂದು ಕಡೆ ಬರೀ ಬಂಪರ್, ಗೋಡೆ ತುಂಬ ಬಳೆ ಅಂಗಡಿಯಲ್ಲಿ ತೂಗುಹಾಕಿದ ಹಾಗೆ ಸ್ಟೀರಿಂಗುಗಳು. ಭಾಯ್ ಒಂದು ಅಂಬಾಸಿಡರಿನ ಹಿಂದಿನ ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದರು. ಅಂಬಾಸಿಡರ್ ಮಾತ್ರ ಇರಲಿಲ್ಲ.

"ಮಾರುತಿ 800 ಚೋಕ್ ಕೇಬಲ್ ಇದೆಯಾ ಭಾಯ್?"

"ಮಾಡೆಲ್?"

"97."

ಭಾಯ್ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಗಾಡಿ ಮಾಡೆಲ್ ಕೇಳಿದ್ದು, ನನ್ನದಲ್ಲ. ಆದರೂ ಎರಡನ್ನೂ ತಾಳೆ ಹಾಕಿದ ಹಾಗಿತ್ತು.

"800ದು ಇಲ್ಲ ಸಾರ್. ಓಮ್ನಿದು ಇದೆ. ಎರಡೂ ಒಂದೇ ಇಂಜಿನ್ನು."

ಈ ಮಾತು ನೂರಕ್ಕೆ ನೂರು ನಿಜ. ನಾನು ಹಾಳಾಗಿದ್ದೇ ಆ ನಿಜದಿಂದ. ಇಂಜಿನ್ ಒಂದೇ, ಆದರೆ 800ರಲ್ಲಿ ಅದು ಮುಂದೆ ಬಾನೆಟ್ಟಿನಡಿ ಅಡ್ಡಡ್ಡ ಕೂತಿರುತ್ತದೆ, ಓಮ್ನಿಯಲ್ಲಿ ಡ್ರೈವರಿನ ಸೀಟಿನ ಕೆಳಗೆ ಉದ್ದುದ್ದ. ತಂತಿಯ ಉದ್ದ ಬೇರೆ, ತಿರುವು ಬೇರೆ, ಬಂದು ಸೇರುವ ದಿಕ್ಕೂ ಬೇರೆ. ಇದು ನನಗೆ ಹೊಳೆದಿದ್ದು ಬಸ್ಸಿನಲ್ಲಿ ವಾಪಸ್ ಬರುವಾಗ.

ಇನ್ನೊಂದು ಕಷ್ಟ. ಭಾಯ್ ಬರೀ ಕೇಬಲ್ ಕೊಡಲು ಒಪ್ಪಲಿಲ್ಲ. ಕಾರ್ಬೊರೇಟರಿಗೆ ಕಟ್ಟಿಕೊಂಡೇ ಇತ್ತು, ಜೋಡಿ ಬೇರೆ ಮಾಡಬಾರದು ಎಂದರು. 1,200 ಹೇಳಿದರು. ನಾನು 400 ಎಂದೆ. ಅವರು ಮತ್ತೆ ಸೀಟಿನ ಮೇಲೆ ಒರಗಿಕೊಂಡು ಟೀ ಕುಡಿಯತೊಡಗಿದರು. ಕೊನೆಗೆ 700ಕ್ಕೆ ಮುಗಿಯಿತು. ಅದರಲ್ಲಿ ಟೀ ನನಗೂ ಬಂತು.

ಪೇಪರಿನಲ್ಲಿ ಸುತ್ತಿ ಮನೆಗೆ ತಂದಾಗ ಇವಳು ಬಾಗಿಲಲ್ಲೇ ತಡೆದಳು.

"ಏನ್ರೀ ಅದು? ಮೀನಾ?"

"ಕಾರ್ಬೊರೇಟರ್ ಕಣೇ."

"ಮೀನೇ ವಾಸಿ ಇತ್ತು."

ಇನ್ನು ಜೋಡಣೆ. ಕಾರ್ಬೊರೇಟರ್ ಬದಲಿಸುವ ಧೈರ್ಯ ನನಗಿರಲಿಲ್ಲ. ಅದರಿಂದ ಕೇಬಲ್ ಬಿಚ್ಚಿಕೊಂಡು ನನ್ನದಕ್ಕೆ ಹಾಕಿದೆ. ನಾಬ್ ಎಳೆದರೆ ಮುಚ್ಚಳ ಅಲ್ಲಾಡಲಿಲ್ಲ. ಬದಲಿಗೆ ಕೇಬಲ್ಲಿನ ಹೊರಗಿನ ಕವಚವೇ ಹಾವಿನ ಹಾಗೆ ಬಳುಕಿತು. ಕವಚವನ್ನು ಒಂದು ಕಡೆ ಬಿಗಿಯಾಗಿ ಹಿಡಿದರೆ ಮಾತ್ರ ಒಳಗಿನ ತಂತಿ ಎಳೆಯುತ್ತದೆ. ಅದಕ್ಕೊಂದು ಕ್ಲ್ಯಾಂಪ್ ಬೇಕು. ಮನೆಯೆಲ್ಲ ಹುಡುಕಿದೆ. ಹಾಲಿನ ಕಿಟಕಿಯ ಪರದೆ ರಾಡಿಗೆ ಸರಿಯಾದ ಅಳತೆಯದ್ದೇ ಒಂದು ಇತ್ತು! ಬಿಚ್ಚಿದೆ. ಆವತ್ತಿನಿಂದ ನಮ್ಮ ಹಾಲಿನ ಪರದೆ ಒಂದು ಕಡೆ ಸೆರಗು ಜಾರಿದ ಹಾಗೆ ಇದೆ. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ.

ಆಮೇಲೆ ಸ್ಪ್ರಿಂಗ್. ನಾಬ್ ಒಳಗೆ ತಳ್ಳಿದ ಮೇಲೆ ಮುಚ್ಚಳ ಪೂರ್ತಿ ತೆರೆದುಕೊಳ್ಳಬೇಕಲ್ಲ, ಅದನ್ನು ವಾಪಸ್ ಎಳೆಯುವ ಸ್ಪ್ರಿಂಗು ನನ್ನ ಕೈಯಿಂದಲೇ ಹಾರಿ ಎಲ್ಲಿಗೋ ಹೋಗಿತ್ತು. ಪೆನ್ನಿನ ಸ್ಪ್ರಿಂಗ್ ಎಳೆದು ಕೊಕ್ಕೆ ಮಾಡಿ ಹಾಕಿದೆ, ಜೀವವಿಲ್ಲ. ಆಗ ಅಟ್ಟದ ಮೇಲಿದ್ದ ಅಪ್ಪನ ಟೈಪ್‌ರೈಟರ್ ನೆನಪಾಯಿತು. ಮೂವತ್ತು ವರ್ಷ ಸರ್ಕಾರಿ ಕಾಗದ ಕುಟ್ಟಿದ ಯಂತ್ರ. ತಳದಲ್ಲಿ ಸಣ್ಣ ಸಣ್ಣ ಸ್ಪ್ರಿಂಗುಗಳ ಸಾಲು, ಒಂದೊಂದೂ ಮೊನ್ನೆ ಹಾಕಿದ ಹಾಗೆ. ಒಂದನ್ನು ಬಿಚ್ಚಿಕೊಂಡೆ. ಯಾವ ಅಕ್ಷರದ್ದೋ ನೋಡಲಿಲ್ಲ. ಹಾಕಿದ ಮೇಲೆ ಮುಚ್ಚಳ ಎಂಥ ಬಿಗಿ ಅಂತೀರಿ! ನಾಬ್ ಬಿಟ್ಟರೆ ಖಟ್ ಎಂದು ತೆರೆದುಕೊಳ್ಳುತ್ತಿತ್ತು. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು ಎಂದುಕೊಂಡೆ. ಟೈಪ್‌ರೈಟರ್ ವಿಷಯ ತಿಳಿಯುವವರೆಗೆ.

ಇಷ್ಟರಲ್ಲಿ ಇನ್ನೊಂದು ಕಾಣಿಸಿತು. ಕಾರ್ಬೊರೇಟರಿನ ಕೆಳಗಿನ ರಬ್ಬರ್ ಪೈಪ್ ಸೀಳಿ, ಅಲ್ಲಿಂದಲೂ ಗಾಳಿ ಎಳೆಯುತ್ತಿತ್ತು. ಮಗಳ ಮೀನಿನ ತೊಟ್ಟಿಯ ಪಂಪಿನಿಂದ ಆರಿಂಚು ಪೈಪ್ ಕತ್ತರಿಸಿದೆ. ಇಂಜಿನ್ ಬಿಸಿಗೆ ಅದು ಮೆತ್ತಗಾಗಿ, ಒಳಗಿನ ಎಳೆತಕ್ಕೆ ಬಾಡಿದ ಹೀರೇಕಾಯಿಯ ಹಾಗೆ ಚಪ್ಪಟೆಯಾಯಿತು. ಗುಳ್ಳೆ ಬರುವುದು ನಿಂತಿದ್ದರಿಂದ ಮಗಳು ತೊಟ್ಟಿಯ ಮುಂದೆ ಕೂತು ಮೀನುಗಳ ಉಸಿರು ಎಣಿಸುತ್ತಿದ್ದಳು. ಕೊನೆಗೆ ಹಳೇ ಸ್ಕೂಟರಿನ ಪೆಟ್ರೋಲ್ ಪೈಪ್ ಹಾಕಿ, ಮೀನಿಗೆ ಹೊಸ ಪೈಪ್ ತಂದುಕೊಟ್ಟೆ. ಈ ಇಡೀ ರಿಪೇರಿಯಲ್ಲಿ ಹೊಸದಾಗಿ ಕೊಂಡ ಸಾಮಾನು ಅದೊಂದೇ.

ಮಾರನೇ ದಿನ ಆರೂವರೆ. ನಾಬ್ ಎಳೆದೆ. ಕೀ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್! ಅರ್ಧ ನಿಮಿಷ ಗಡಗಡ. ಆಫ್.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಸ್ಲೋ ಸ್ಪೀಡ್ ನಿಲ್ತಿಲ್ಲ ಅನ್ಸುತ್ತೆ ಸಾರ್, ಸ್ಕ್ರೂ ಅರ್ಧ ಸುತ್ತು ಏರಿಸಿ" ಎಂದ. ಗಾಡಿ ನಿಂತಲ್ಲಿ ಇಂಜಿನ್ ಎಷ್ಟು ವೇಗವಾಗಿ ತಿರುಗಬೇಕು ಎಂದು ಹೊಂದಿಸುವ ಸ್ಕ್ರೂ ಅದು. ಏರಿಸಿದೆ. ಬೆಳಿಗ್ಗೆ ಚೆನ್ನಾಗಿ ನಿಂತಿತು. ಸೌತ್ ಎಂಡ್ ಸರ್ಕಲ್ ತಲುಪುವ ಹೊತ್ತಿಗೆ ಇಂಜಿನ್ ಬಿಸಿಯಾಗಿ, ಸಿಗ್ನಲ್ಲಿನಲ್ಲಿ ನಿಂತ ಕಾರು ವಿಮಾನದ ಹಾಗೆ ಕೂಗತೊಡಗಿತು. ಪಕ್ಕದ ಆಟೋದವನು ಬಗ್ಗಿ ನೋಡಿ "ಏನ್ ಸಾರ್, ರೇಸಾ?" ಎಂದ. ಸ್ಕ್ರೂ ಇಳಿಸಿದೆ. ಮಾರನೇ ಬೆಳಿಗ್ಗೆ ಆಫ್. ಹೀಗೆ ಬೆಳಿಗ್ಗೆ ಅರ್ಧ ಸುತ್ತು ಏರಿಸುವುದು, ಆಫೀಸಿನ ಹತ್ತಿರ ಅರ್ಧ ಸುತ್ತು ಇಳಿಸುವುದು. ಹದಿನೈದು ದಿನ ನನ್ನ ಷರಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್ ಇತ್ತು. ಮೀಟಿಂಗಿನಲ್ಲಿ ಒಮ್ಮೆ ಅದರಿಂದಲೇ ಸಹಿ ಹಾಕಲು ಹೋಗಿದ್ದೆ.

ಆಮೇಲೆ ಬಂತು ಇವಳ ಚಿಕ್ಕಮ್ಮನ ಮಗನ ಗೃಹಪ್ರವೇಶ. ತುಮಕೂರು, ಬೆಳಗಿನ ಮುಹೂರ್ತ. ಐದು ಗಂಟೆಗೇ ಇವಳು ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ನಾಬ್ ಎಳೆದು ಸ್ಟಾರ್ಟ್ ಮಾಡಿದೆ. ಎಂದಿನಂತೆ ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿದು ನಿಂತೆ. ಆಫ್. ಮತ್ತೆ ಬಂದು ಸ್ಟಾರ್ಟ್ ಮಾಡಿ, ಓಡಿ ಹೋಗಿ ನಿಂತೆ. ಆಫ್. ಮೂರನೇ ಸಲ ಕಿಟಕಿಯಿಂದ ಇವಳ ದನಿ ಬಂತು.

"ರೀ, ಇದು ಒಳಗೆ ಹೋಗ್ತಾ ಇದೆ."

"ಯಾವುದು?"

"ನೀವು ಎಳೆದಿದ್ದು. ತಾನೇ ಒಳಗೆ ಹೋಗ್ತಾ ಇದೆ. ಬಂದು ನೋಡಿ."

ಬಂದು ನೋಡಿದೆ. ಇಂಜಿನ್ನಿನ ನಡುಕಕ್ಕೆ ಡ್ಯಾಶ್‌ಬೋರ್ಡ್ ನಡುಗುತ್ತಿತ್ತು. ಪ್ರತಿ ನಡುಕಕ್ಕೂ ನಾಬ್ ಒಂದು ಕೂದಲೆಳೆಯಷ್ಟು ಒಳಗೆ. ಮುಟ್ಟಿದ ಬಸವನಹುಳು ಚಿಪ್ಪಿಗೆ ಸರಿಯುವ ಹಾಗೆ, ಅವಸರವಿಲ್ಲದೆ, ಆದರೆ ಬಿಡದೆ. ಅರ್ಧ ನಿಮಿಷಕ್ಕೆ ಪೂರ್ತಿ ಒಳಗೆ. ಆಫ್. ಎಳೆದ ಜಾಗದಲ್ಲಿ ನಾಬನ್ನು ಹಿಡಿದಿಡುವ ಬಿಗಿ ಆ ಓಮ್ನಿ ಕೇಬಲ್ಲಿನಲ್ಲಿ ಸವೆದುಹೋಗಿತ್ತು. ಅದು ಸಾಲದು ಎಂದು ಆ ಕಡೆಯಿಂದ ಅಪ್ಪನ ಟೈಪ್‌ರೈಟರಿನ ಸ್ಪ್ರಿಂಗು ಪಟ್ಟು ಬಿಡದೆ ಎಳೆಯುತ್ತಿತ್ತು. ಹದಿನೈದು ದಿನವೂ ನಾನು ಬಾನೆಟ್ಟಿನ ಕೆಳಗೇ ಹುಡುಕಿದ್ದೆ.

ಇವಳು ಏನೂ ಮಾತಾಡಲಿಲ್ಲ. ಬ್ಯಾಗಿನಿಂದ ಚಕ್ಕುಲಿ ಪೊಟ್ಟಣ ತೆಗೆದಳು. ಅದರ ಬಾಯಿಗೆ ಹಾಕಿದ್ದ ಬಟ್ಟೆ ಕ್ಲಿಪ್ಪನ್ನು ಬಿಚ್ಚಿದಳು. ನಾಬ್ ಪೂರ್ತಿ ಎಳೆದು, ಹೊರಗೆ ಬಂದ ಕಡ್ಡಿಗೆ ಕ್ಲಿಪ್ ಕಚ್ಚಿಸಿದಳು. ನೀಲಿ ಬಣ್ಣದ್ದು, ಪ್ಲಾಸ್ಟಿಕ್.

ಸ್ಟಾರ್ಟ್ ಮಾಡಿದೆ. ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಎದುರು ಮನೆಯಲ್ಲಿ ಲೈಟ್ ಹತ್ತಲಿಲ್ಲ. ಮೂರನೇ ನಿಮಿಷಕ್ಕೆ ಕ್ಲಿಪ್ ತೆಗೆದು ನಾಬ್ ತಳ್ಳಿದೆ. ಇಂಜಿನ್ ತನ್ನ ಪಾಡಿಗೆ ತಾನು ನಡುಗುತ್ತಾ ಇತ್ತು. ನೆಲಮಂಗಲದವರೆಗೆ ಇಬ್ಬರೂ ಮಾತಾಡಲಿಲ್ಲ. ನಾನು ನಾಚಿಕೆಗೆ, ಅವಳು ನಗು ತಡೆದುಕೊಳ್ಳಲು. ತುಮಕೂರು ಮುಟ್ಟುವ ಹೊತ್ತಿಗೆ ಚಕ್ಕುಲಿ ಮೆತ್ತಗಾಗಿತ್ತು.

ಈಗ ಕ್ಲಿಪ್ ಕಾರಿನಲ್ಲೇ ಇದೆ. ಕಾರ್ಬೊರೇಟರ್ ಅಟ್ಟದ ಮೇಲೆ ಟೈಪ್‌ರೈಟರಿನ ಪಕ್ಕದಲ್ಲಿದೆ. ಬಟ್ಟೆ ಕ್ಲಿಪ್ಪುಗಳು ಹನ್ನೆರಡರ ಸೆಟ್ಟಂತೆ, ಈಗ ಹನ್ನೊಂದೇ ಇರುವುದರಿಂದ ನನ್ನ ಪಂಚೆಗೆ ಮಾತ್ರ ಒಂದೇ ಕಡೆ ಕ್ಲಿಪ್ ಹಾಕುತ್ತಾಳೆ. ಮೊನ್ನೆ ಗಾಳಿಗೆ ಅದು ರಾಯರ ಮನೆಯ ಕಾಂಪೌಂಡಿಗೆ ಹಾರಿತ್ತು.