ಉಗುರಲ್ಲಿ ಹೋಗೋದಕ್ಕೆ ಏಳು ಆಯುಧ

ಇರೋದಕ್ಕೊಂದು ಮನೆ ನೋಡಿದ್ದು ಎರಡು ವಾರದಲ್ಲಿ. ಮದುವೆಗೆ ಹೂಂ ಅಂದದ್ದು ಒಂದೇ ಸಂಜೆಯಲ್ಲಿ. ಜೇಬಿಗೊಂದು ಮಲ್ಟಿಟೂಲ್ ಆರಿಸೋದಕ್ಕೆ ಮಾತ್ರ ಮೂರು ತಿಂಗಳು ಹಿಡಿಯಿತು. ಚಾಕು, ಕತ್ತರಿ, ಸ್ಕ್ರೂಡ್ರೈವರ್ ಎಲ್ಲಾ ಒಂದರೊಳಗೇ ಮಡಚಿಟ್ಟ ಬೆರಳುದ್ದದ ವಸ್ತು, ಅಷ್ಟೇ. ಆದರೆ ಅದು ದಿನಾ ಜೊತೆಗಿರಬೇಕಾದ್ದು ನೋಡಿ, ಸುಮ್ನೆ ಕೈಗೆ ಸಿಕ್ಕಿದ್ದನ್ನು ತರೋಕಾಗುತ್ತಾ?

ಈ ಹುಚ್ಚಿಗೆ ಒಂದು ಹೆಸರೂ ಇದೆ: ಎವ್ರಿಡೇ ಕ್ಯಾರಿ. ಮೊದಲು ಇದನ್ನು ‘ಜೇಬಲ್ಲಿರೋ ಸಾಮಾನು’ ಅನ್ನುತ್ತಿದ್ದರು. ಈಗ ಅದೊಂದು ವ್ರತ. ವ್ರತ ಹಿಡಿದವರು ಮರದ ಮೇಜಿನ ಮೇಲೆ ಜೇಬು ಖಾಲಿ ಮಾಡುತ್ತಾರೆ. ಮಡಚೋ ಚಾಕು, ಹೆಬ್ಬೆರಳಿನಷ್ಟು ಟಾರ್ಚು, ಗಡಿಯಾರ, ಟೈಟಾನಿಯಂ ಪೆನ್ನು, ಒಂದಕ್ಷರವೂ ಬರೆಯದ ಪುಟ್ಟ ನೋಟ್‌ಬುಕ್, ಎಲ್ಲವನ್ನೂ ಸಾಲಾಗಿ ಜೋಡಿಸಿ ಮೇಲಿನಿಂದ ಫೋಟೊ ತೆಗೆಯುತ್ತಾರೆ. ಇವುಗಳಲ್ಲಿ ಅರ್ಧದಷ್ಟು ಸಾಮಾನಿನ ಕೆಲಸ ಮಾಡುವ ಫೋನು ಮಾತ್ರ ಚಿತ್ರದಲ್ಲಿ ಕಾಣೋದಿಲ್ಲ. ಅದು ಫೋಟೊ ತೆಗೆಯುತ್ತಿರುತ್ತದೆ.

ನಾನೂ ವ್ರತಕ್ಕೆ ಬಿದ್ದೆ. ಮೊದಲ ತಿಂಗಳು ಪೂರ್ತಿ ಉಕ್ಕಿನ ಚಿಂತೆ. ಎಸ್30ವಿ ಒಳ್ಳೆಯದೋ, ಎಂ390 ಒಳ್ಳೆಯದೋ? ರಾಕ್‌ವೆಲ್ ಗಟ್ಟಿತನ 56 ಸಾಕೋ, 60 ದಾಟಬೇಕೋ? ಗಟ್ಟಿ ಉಕ್ಕಿನ ಹರಿತ ಜಾಸ್ತಿ ದಿನ ನಿಲ್ಲುತ್ತದೆ, ಆದರೆ ಮಸೆಯೋದು ಕಷ್ಟ. ಮೆತ್ತನೆಯದು ಬೇಗ ಮೊಂಡಾಗುತ್ತದೆ, ಆದರೆ ಮಸೆಯೋದು ಸುಲಭ. ನಾನು ಹುಟ್ಟಿದಾಗಿನಿಂದ ಯಾವ ಚಾಕುವನ್ನೂ ಮಸೆದವನಲ್ಲ. ಆದರೂ ಈ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯ ಬೆಳೆಯಿತು. ನಾಲ್ಕು ಜನ ಸೇರಿದ ಕಡೆ ಅದನ್ನು ಹೇಳಿದೆ. ಆಮೇಲೆ ಆ ನಾಲ್ಕು ಜನ ನನ್ನ ಮುಂದೆ ಸೇರೋದನ್ನೇ ಬಿಟ್ಟರು.

ಎರಡನೇ ತಿಂಗಳು ಲೆಕ್ಕದ್ದು. ಯಾವುದರಲ್ಲಿ ಎಷ್ಟು ಟೂಲ್? ಇಲ್ಲಿ ತಯಾರಕರ ಗಣಿತ ಬಹಳ ಉದಾರವಾದದ್ದು. ಸ್ವಿಸ್ ಚಾಕು ಮಾಡೋ ವಿಕ್ಟೋರಿನಾಕ್ಸ್‌ನವರ 58 ಮಿಲಿಮೀಟರಿನ ಪುಟಾಣಿ ‘ಕ್ಲಾಸಿಕ್’ ಇದೆಯಲ್ಲ, ಅದರಲ್ಲಿ ಏಳು ಸೌಲಭ್ಯ. ಚಾಕು ಒಂದು, ಕತ್ತರಿ ಎರಡು, ಉಗುರು ಉಜ್ಜೋ ಅರ ಮೂರು. ಆ ಅರದ ತುದಿಯೇ ಸ್ಕ್ರೂಡ್ರೈವರ್, ಅದು ನಾಲ್ಕು. ಚಿಮಟ ಐದು, ಹಲ್ಲುಕಡ್ಡಿ ಆರು. ಏಳನೆಯದು? ಕೀ ಸಿಕ್ಕಿಸೋ ಉಂಗುರ. ಲೆದರ್‌ಮನ್ ಕಂಪನಿಯ ‘ಮೈಕ್ರಾ’ದ ಹತ್ತು ಟೂಲಿನ ಲೆಕ್ಕದಲ್ಲಿ ಹಿಡಿಯ ಮೇಲೆ ಕೊರೆದ ಅಳತೆಪಟ್ಟಿಯೂ ಸೇರಿದೆ. ಇದೇ ಲೆಕ್ಕದಲ್ಲಿ ಹೋದರೆ ನನ್ನ ಪ್ಯಾಂಟಿಗೂ ಹನ್ನೊಂದು ಸೌಲಭ್ಯ ಇದೆ. ಗುಂಡಿಯೊಂದು, ಜಿಪ್ಪೊಂದು, ಬೆಲ್ಟಿನ ಕುಣಿಕೆ ಐದು, ಜೇಬು ನಾಲ್ಕು.

ಈ ಲೆಕ್ಕದ ಹುಚ್ಚು ಎಲ್ಲಿಗೆ ಹೋಗಿ ಮುಟ್ಟಿತು ಅಂದರೆ, ವೆಂಗರ್ ಕಂಪನಿ ‘ಜಯಂಟ್’ ಅಂತ ಒಂದನ್ನು ಮಾಡಿತು. 87 ಟೂಲ್, 141 ಕೆಲಸ, ತೂಕ ಒಂದೂಕಾಲು ಕಿಲೋಗಿಂತ ಜಾಸ್ತಿ. ಗಿನ್ನೆಸ್ ದಾಖಲೆಗೂ ಸೇರಿತು. ಸಿಗಾರ್ ಕತ್ತರಿಸೋದು, ಗಾಲ್ಫ್ ಆಟದವರಿಗೆ ಬೇಕಾದ್ದು, ಎಲ್ಲಾ ಇತ್ತು. ಪಾಕೆಟ್ ಚಾಕು ಅಂತಲೇ ಕರೆದರು. ಅದನ್ನು ಜೇಬಿಗೆ ಹಾಕಿದರೆ ಪ್ಯಾಂಟು ಮಂಡಿಗೆ ಬರುತ್ತದೆ. 141 ಕೆಲಸದಲ್ಲಿ ಪ್ಯಾಂಟು ಎತ್ತಿ ಹಿಡಿಯೋ ಕೆಲಸ ಮಾತ್ರ ಇರಲಿಲ್ಲ.

ಇದನ್ನೆಲ್ಲ ಮೊದಲು ಶುರು ಮಾಡಿದವರು ಇಷ್ಟು ಪೆದ್ದರಾಗಿರಲಿಲ್ಲ. ಅವರಿಗೆ ಮೊದಲು ಕೆಲಸ ಇತ್ತು, ಆಮೇಲೆ ಟೂಲ್ ಬಂತು. 1889ರಲ್ಲಿ ಸ್ವಿಸ್ ಸೇನೆ ಹೊಸ ರೈಫಲ್ ತಂದಿತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕು, ಡಬ್ಬಿಯಲ್ಲಿ ಬರೋ ಊಟ ತೆಗೆಯೋದಕ್ಕೂ ಏನಾದರೂ ಬೇಕು. ಹಾಗಾಗಿ 1891ರಲ್ಲಿ ಸೈನಿಕರ ಕೈಗೆ ಬಂದ ಚಾಕುವಿನಲ್ಲಿ ಇದ್ದದ್ದು ನಾಲ್ಕೇ: ಅಲಗು, ದಬ್ಬಣ, ಡಬ್ಬಿ ತೆಗೆಯೋದು, ಸ್ಕ್ರೂಡ್ರೈವರ್. ಮೊದಲ ಕಂತು ಸ್ವಿಟ್ಜರ್ಲೆಂಡಿನಲ್ಲಿ ಆಗಲಿಲ್ಲ, ಜರ್ಮನಿಯ ಜೋಲಿಂಗನ್‌ನಿಂದ ಬಂತು. ಅದು ಬೇರೆ ಕಥೆ. ವಿಕ್ಟೋರಿನಾಕ್ಸ್ ಶುರು ಮಾಡಿದ ಕಾರ್ಲ್ ಎಲ್ಸೆನರ್ 1897ರಲ್ಲಿ ಇದಕ್ಕೇ ಬಿರಡೆ ತೆಗೆಯೋ ಸುರುಳಿ ಸೇರಿಸಿ ‘ಆಫೀಸರ್ ಚಾಕು’ ಮಾಡಿದರು. ಸೇನೆ ಅದನ್ನು ಯಾರಿಗೂ ಕೊಡಲಿಲ್ಲ, ಅಧಿಕಾರಿಗಳೇ ಸ್ವಂತ ದುಡ್ಡು ಹಾಕಿ ಕೊಂಡರು. ವೈನ್ ಬಾಟಲಿ ತೆಗೆಯೋದು ಯಾವ ಯುದ್ಧದ ಅಗತ್ಯವೋ ಗೊತ್ತಿಲ್ಲ. ನನ್ನ ಪ್ರಕಾರ ಜೇಬಿನ ಶೋಕಿ ಹುಟ್ಟಿದ್ದು ಆ ವರ್ಷವೇ.

ಟಿಮ್ ಲೆದರ್‌ಮನ್ ಕಥೆಯೂ ಹಾಗೇ. 1975ರಲ್ಲಿ ಹೆಂಡತಿ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಯೂರೋಪು ಸುತ್ತಿದರು. ಕಾರು ಕೈಕೊಡುತ್ತಿತ್ತು, ಹೋಟೆಲಿನ ನಲ್ಲಿ ಸೋರುತ್ತಿತ್ತು. ಜೇಬಲ್ಲಿದ್ದ ಸ್ಕೌಟ್ ಚಾಕುವಿಗೆ ಇಕ್ಕಳ ಇರಲಿಲ್ಲ. ಊರಿಗೆ ಬಂದು ವರ್ಷಗಟ್ಟಲೆ ಕೂತು ಇಕ್ಕಳ ಇರೋದನ್ನು ಮಾಡಿದರು. ಮಾರಾಟಕ್ಕೆ ಬಂದದ್ದು 1983ರಲ್ಲಿ. ನನಗೆ ಸೋರೋ ನಲ್ಲಿಯೂ ಇಲ್ಲ, ಕೈಕೊಡೋ ಕಾರೂ ಇಲ್ಲ. ಇರೋದು ಟೂಲ್ ಮಾತ್ರ. ಸೋರೋ ನಲ್ಲಿ ಯಾರ ಮನೆಯಲ್ಲಾದರೂ ಇದೆಯಾ ಅಂತ ಕೇಳಿಕೊಂಡು ತಿರುಗುವ ಹಣೆಬರಹ ನಮ್ಮದು.

ಕೊನೆಗೂ ಆ ಏಳು ಸೌಲಭ್ಯದ ಪುಟಾಣಿಯನ್ನೇ ಕೊಂಡೆ. ಇಪ್ಪತ್ತೊಂದು ಗ್ರಾಂ. ಕೀ ಜೊತೆ ತೂಗುಹಾಕಿದೆ. ಒಂದು ತಿಂಗಳು ಎಲ್ಲಿ ಏನಕ್ಕೆ ಬಳಸಿದೆ ಅಂತ ಲೆಕ್ಕ ಬರೆದಿಟ್ಟೆ (ನೋಟ್‌ಬುಕ್ಕಿಗೂ ಒಂದು ಕೆಲಸ ಸಿಕ್ಕಿತು). ಪಾರ್ಸಲ್ಲಿನ ಟೇಪು ಕತ್ತರಿಸಿದ್ದು ಹನ್ನೊಂದು ಸಲ. ಅಂಗಿಯ ದಾರ ಕತ್ತರಿಸಿದ್ದು ಎರಡು ಸಲ. ಏನೂ ಕೆಲಸವಿಲ್ಲದೆ ಟಕ್ ಅಂತ ತೆಗೆದು ಟಕ್ ಅಂತ ಮುಚ್ಚಿದ್ದು ಲೆಕ್ಕಕ್ಕೆ ಸಿಗಲಿಲ್ಲ. ಹನ್ನೊಂದು ಪಾರ್ಸಲ್ಲಿನಲ್ಲಿ ನಾಲ್ಕರೊಳಗೆ ಇದ್ದದ್ದು ಈ ಟೂಲಿಗೆ ಬೇಕಾದ ಸಾಮಾನೇ. ಚರ್ಮದ ಚೀಲ, ಕೀಲಿಗೆ ಬಿಡೋ ಎಣ್ಣೆ, ಮಸೆಯೋ ಕಲ್ಲು. ನಾಲ್ಕನೆಯದು ಇನ್ನೊಂದು ಮಲ್ಟಿಟೂಲ್. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಒಂದು ದಿನ ನಿಜವಾದ ಅವಕಾಶ ಬಂತು. ಆಫೀಸಿನಲ್ಲಿ ಪಕ್ಕದವರ ಕುರ್ಚಿ ಅಲ್ಲಾಡುತ್ತಿತ್ತು. “ಯಾರ ಹತ್ರನಾದ್ರೂ ಸ್ಕ್ರೂಡ್ರೈವರ್ ಇದೆಯಾ?” ಅಂದರು. ಮೂರು ತಿಂಗಳ ತಪಸ್ಸು ಕೇಳಬೇಕಾಗಿದ್ದ ವಾಕ್ಯ ಅದು. ಎದ್ದ ರಭಸಕ್ಕೆ ನನ್ನ ಕುರ್ಚಿಯೂ ಅಲ್ಲಾಡಿತು. ನೆಲಕ್ಕೆ ಮಂಡಿಯೂರಿದೆ. ಅರವನ್ನು ಉಗುರಿನಿಂದ ಎಬ್ಬಿಸಿದೆ. ಐದಾರು ಜನ ಸುತ್ತ ಬಂದು ನಿಂತರು. ಕುರ್ಚಿಯ ಕೆಳಗೆ ತಲೆ ಹಾಕಿ ನೋಡಿದರೆ ಸ್ಕ್ರೂವಿನ ತಲೆಯಲ್ಲಿ ಆರು ಮೂಲೆಯ ಗುಂಡಿ. ಅಲೆನ್ ಕೀ ಬೇಕಾದ್ದು. ನನ್ನ ಎರಡೂವರೆ ಮಿಲಿಮೀಟರಿನ ತುದಿ ಅದರೊಳಗೆ ಹೋಗಿ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಕುರ್ಚಿಯವರು ಹಳೇ ಕಾಗದವೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ತುರುಕಿದರು. ಕುರ್ಚಿ ಗಟ್ಟಿಯಾಗಿ ನಿಂತಿತು. ನಾನು ಸ್ವಲ್ಪ ಹೊತ್ತು ಕೆಳಗೇ ಇದ್ದೆ. ಏಳೋದಕ್ಕೆ ಮುಖ ಇರಲಿಲ್ಲ.

ಅಲ್ಲ, ಬಿಚ್ಚೋ ಹಾಗಿರೋ ವಸ್ತು ಈಗ ಉಳಿದಿರೋದಾದರೂ ಎಷ್ಟು? ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಸ್ಟಾರ್ ಸ್ಕ್ರೂ ಎಲ್ಲಾ ಕಡೆ ಇತ್ತು, ಬಿಚ್ಚೋದಕ್ಕೂ ಬರುತ್ತಿತ್ತು. 2009ರಲ್ಲಿ ಆಪಲ್ ತನ್ನ ಲ್ಯಾಪ್‌ಟಾಪಿಗೆ ಐದು ದಳದ ಹೂವಿನಂಥ ಪೆಂಟಲೋಬ್ ಸ್ಕ್ರೂ ಹಾಕಿತು, ಆಮೇಲೆ ಫೋನಿಗೂ ಹಾಕಿತು. ಉಳಿದವರು ಆ ಹೂವಿನ ಗೊಡವೆಗೂ ಹೋಗದೆ ಅಂಟು ಹಾಕಿ ಮುಚ್ಚಿದರು. ಒಂದು ಕಡೆ ಪ್ರಪಂಚ ಪೂರ್ತಿ ಅಂಟಿನಲ್ಲಿ ಮುಚ್ಚಿಕೊಳ್ಳುತ್ತಿದೆ. ಇನ್ನೊಂದು ಕಡೆ ಅದನ್ನು ಬಿಚ್ಚೋ ಆಯುಧ ಹಿಡಿದವರ ಸಂಖ್ಯೆ ಹೆಚ್ಚುತ್ತಿದೆ. ಇಬ್ಬರೂ ಸೇರೋದು ರಟ್ಟಿನ ಡಬ್ಬದ ಟೇಪಿನ ಮೇಲೆ ಮಾತ್ರ.

ಆ ಸ್ವಿಸ್ ಚಾಕುಗಳ ಬೆನ್ನಿನಲ್ಲಿ ಒಂದು ಕೊಕ್ಕೆ ಇರುತ್ತದೆ, ನೋಡಿದ್ದೀರಾ? ಬಹಳ ಜನಕ್ಕೆ ಅದು ಏನಕ್ಕೆ ಅಂತಲೇ ಗೊತ್ತಿಲ್ಲ. ದಾರ ಕಟ್ಟಿದ ಪಾರ್ಸಲ್ ಎತ್ತಿ ಹಿಡಿಯೋದಕ್ಕಂತೆ. ಸೇರಿಸಿದ್ದು 1991ರಲ್ಲಿ, ಪಾರ್ಸಲ್ಲಿಗೆ ದಾರ ಕಟ್ಟೋ ಕಾಲ ಹೆಚ್ಚುಕಡಿಮೆ ಮುಗಿದ ಮೇಲೆ.

ಇನ್ನು ಕಾನೂನಿನವರ ವಿಷಯ. ಅವರ ತರ್ಕದ ಮುಂದೆ ನಾನು ಜಾಣನೇ. ಇಂಗ್ಲೆಂಡಿನಲ್ಲಿ 1988ರ ಕಾಯ್ದೆ ಪ್ರಕಾರ ಮೂರು ಇಂಚಿನೊಳಗಿನ ಮಡಚೋ ಚಾಕು ಜೇಬಲ್ಲಿದ್ದರೆ ಕಾರಣ ಕೇಳೋದಿಲ್ಲ. ಆದರೆ ಅಲಗು ಜಾರಿ ನಿಮ್ಮ ಬೆರಳ ಮೇಲೇ ಮುಚ್ಚದ ಹಾಗೆ ಲಾಕ್ ಇದ್ದರೆ ಈ ವಿನಾಯಿತಿ ಇಲ್ಲ, ತಕ್ಕ ಕಾರಣ ಕೊಡಬೇಕು. ಅಂದರೆ ಬೆರಳು ಕತ್ತರಿಸೋ ಚಾಕು ಸಾಧು, ಬೆರಳು ಕಾಯೋ ಚಾಕು ಅನುಮಾನಾಸ್ಪದ. ಜರ್ಮನಿಯಲ್ಲಿ 2008ರಿಂದ ಒಂದೇ ಕೈಯಲ್ಲಿ ಬಿಚ್ಚಿಕೊಂಡು ಲಾಕ್ ಆಗೋ ಚಾಕುವನ್ನು ತಕ್ಕ ಕಾರಣವಿಲ್ಲದೆ ಒಯ್ಯೋ ಹಾಗಿಲ್ಲ. ಎರಡೂ ಕೈ ಬಳಸೋವಷ್ಟು ವ್ಯವಧಾನ ಇದ್ದವನು ಒಳ್ಳೆಯವನು ಅಂತ ಲೆಕ್ಕ.

ವಿಮಾನದಲ್ಲಂತೂ ಆರು ಸೆಂಟಿಮೀಟರಿನ ಮಹಿಮೆ. ಯೂರೋಪಿನ ನಿಯಮಕ್ಕೆ ಅದರೊಳಗಿನ ಅಲಗು ಸರಿ. ಅಮೆರಿಕದವರು 2013ರ ಮಾರ್ಚಿನಲ್ಲಿ ‘ನಾವೂ ಅಷ್ಟಕ್ಕೆ ಬಿಡುತ್ತೇವೆ’ ಅಂದರು, ಜೂನ್‌ನಲ್ಲಿ ‘ಇಲ್ಲ, ಬಿಡಲ್ಲ’ ಅಂದರು. ಆದರೆ ನಾಲ್ಕು ಇಂಚಿನೊಳಗಿನ ಅಲಗಿನ ಕತ್ತರಿಗೆ ಅಲ್ಲಿ ಅಭ್ಯಂತರವಿಲ್ಲ. ಅಲಗು ಒಂದೇ ಇದ್ದರೆ ಅಪಾಯ, ಎರಡು ಜೋಡಿಯಾಗಿ ಬಂದರೆ ಸಂಸಾರಸ್ಥ.

ನನ್ನ ಸರದಿಯೂ ಬಂತು. ಸದಾ ಜೇಬಲ್ಲಿರಬೇಕು ಅಂತ ವ್ರತ ಹಿಡಿದವನು ವಿಮಾನ ನಿಲ್ದಾಣಕ್ಕೆ ಹೋಗುವಾಗ ಮರೆಯದೆ ತೆಗೆದಿಡೋದು ಹೇಗೆ? ತಟ್ಟೆಯಲ್ಲಿ ಕೀ ಗೊಂಚಲು ಹೋಯಿತು, ಯಂತ್ರ ನಿಂತಿತು, ಒಬ್ಬರು ಬಂದರು.

“ಸರ್, ಇದರಲ್ಲಿ ಚಾಕು ಇದೆ.”

“ಇದೆ. ಆದರೆ ಏಳರಲ್ಲಿ ಒಂದೇ ಅದು.”

“ಹಾಗಾದ್ರೆ ಆ ಒಂದನ್ನು ಬಿಟ್ಟು ಉಳಿದ ಆರು ತಗೊಂಡು ಹೋಗಿ.”

ತಮಾಷೆಗೆ ಅಂದರೋ ನಿಜಕ್ಕೋ ತಿಳಿಯಲಿಲ್ಲ. ಇಬ್ಬರೂ ಸೇರಿ ಅದನ್ನು ತಿರುಗಿಸಿ ನೋಡಿದೆವು. ಎಲ್ಲಿಯೂ ಸ್ಕ್ರೂ ಇಲ್ಲ, ಪೂರ್ತಿ ರಿವೆಟ್ ಹೊಡೆದದ್ದು. ಎಲ್ಲವನ್ನೂ ಬಿಚ್ಚೋ ಟೂಲಿಗೆ ತನ್ನನ್ನು ಬಿಚ್ಚಿಕೊಳ್ಳೋದು ಮಾತ್ರ ಬರೋದಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಮಗುವೊಂದು ಅಳೋಕೆ ಶುರು ಮಾಡಿತು. ಅವರಿಗೆ ಕನಿಕರ ಬಂದಿರಬೇಕು, “ಬಿಡಿಯಾಗಿ ಏನಾದ್ರೂ ಬರುತ್ತಾ ನೋಡಿ” ಅಂದರು. ನಾನು ತುದಿಯಿಂದ ಹಲ್ಲುಕಡ್ಡಿ ಎಳೆದೆ. ಆಮೇಲೆ ಕೀಗಳನ್ನು ಒಂದೊಂದಾಗಿ ಕಳಚಿಕೊಂಡೆ. ಉಂಗುರವೂ ಹೋಯಿತು ನೋಡಿ, ಏಳನೇ ಸೌಲಭ್ಯ. ಟೂಲನ್ನು ಡಬ್ಬಿಗೆ ಹಾಕಿದಾಗ ಆದ ಸದ್ದಿನಲ್ಲೇ ಗೊತ್ತಾಯಿತು, ಒಳಗೆ ನನ್ನಂಥವರು ಬಹಳ ಜನ ಇದ್ದಾರೆ. ಅಮೆರಿಕದಲ್ಲಿ ಇಂಥವನ್ನು ‘ಸ್ವಇಚ್ಛೆಯಿಂದ ಒಪ್ಪಿಸಿದ್ದು’ ಅಂತ ಕರೆಯುತ್ತಾರೆ. ಕೆಲವು ರಾಜ್ಯಗಳು ಅವನ್ನು ರಾಶಿ ಹಾಕಿ ಮಾರುತ್ತವೆ. ನನ್ನ ಸ್ವಇಚ್ಛೆ ಎಷ್ಟಿತ್ತು ಅಂತ ನನಗೇ ಗೊತ್ತು.

ಒಳಗೆ ಹೋದೆ. ಅಂಗಡಿಯಲ್ಲಿ ದಪ್ಪ ಗಾಜಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು, ಎಷ್ಟು ಬೇಕಾದರೂ ಕೊಳ್ಳಬಹುದಿತ್ತು. ನಾನು ಹಲ್ಲುಕಡ್ಡಿ ಹಿಡಿದುಕೊಂಡು ಮೂವತ್ತು ಸಾವಿರ ಅಡಿ ಎತ್ತರದಲ್ಲಿ, ಯಾವುದಕ್ಕೂ ಸಿದ್ಧನಾಗಿ ಕೂತೆ.

ಈ ಸಂಕಟ ನನ್ನೊಬ್ಬನದಲ್ಲ ಅಂತ ಆಮೇಲೆ ತಿಳಿಯಿತು. 2024ರಲ್ಲಿ ವಿಕ್ಟೋರಿನಾಕ್ಸ್ ಮುಖ್ಯಸ್ಥರೇ, ಅದೇ ಎಲ್ಸೆನರ್ ಮನೆತನದ ನಾಲ್ಕನೇ ತಲೆಮಾರಿನವರು, ಅಲಗೇ ಇಲ್ಲದ ಪಾಕೆಟ್ ಟೂಲ್ ಮಾಡುತ್ತಿದ್ದೇವೆ ಅಂದರು. ಕಾನೂನುಗಳು ಬಿಗಿಯಾಗುತ್ತಿವೆಯಂತೆ. ಚಾಕು ಇಲ್ಲದ ಸ್ವಿಸ್ ಚಾಕು! ಅದು ಬರೋ ತನಕ ಕಾಯೋ ತಾಳ್ಮೆ ಯಾರಿಗಿದೆ? ಅಲಗಿಲ್ಲದ ಟೂಲ್ ಬೇರೆಯವರದ್ದೂ ಇರುತ್ತದೆ. ಹೆಸರು ಬೇಡ, ಒಂದನ್ನು ತರಿಸಿದೆ. ಕತ್ತರಿ, ಇಕ್ಕಳ, ಅರ, ಉಂಗುರ. ಇನ್ನು ಯಾವ ನಿಲ್ದಾಣದಲ್ಲೂ ಯಾರೂ ತಡೆಯಲಾರರು ಅಂದುಕೊಂಡೆ.

ನಿನ್ನೆ ಬಂತು. ರಟ್ಟಿನ ಡಬ್ಬದ ಟೇಪನ್ನು ಉಗುರಿನಿಂದಲೇ ಎಬ್ಬಿಸಿದೆ, ಒಂದೇ ಎಳೆತಕ್ಕೆ ಬಂದುಬಿಟ್ಟಿತು. ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ನಾಲ್ಕೂ ಅಂಚು ಬೆಸೆದದ್ದು. ಉಗುರು ಹಾಕಿದೆ, ಉಗುರು ಹೋಯಿತು. ಹಲ್ಲು ಹಾಕಿದೆ, ವಯಸ್ಸು ನೆನಪಾಯಿತು. ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರೆ ಹಿಂದುಗಡೆ ಒಂದು ಚುಕ್ಕೆ ಗೆರೆ, ಅದರ ಪಕ್ಕ ಪುಟ್ಟದೊಂದು ಕತ್ತರಿಯ ಚಿತ್ರ.

ಕತ್ತರಿ ಒಳಗಿದೆ. ಚಿಪ್ಪಿನಿಂದ ಚೆನ್ನಾಗಿ ಕಾಣಿಸುತ್ತಿದೆ.