ಹಗಲು ದೀವಟಿಗೆ, ಇರುಳುಗಣ್ಣು

ಮೊನ್ನೆ ರಾತ್ರಿ ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವಾಗ ನನಗೆ ಸಾಕ್ಷಾತ್ ದರ್ಶನವಾಯಿತು. ಎದುರಿಗೆ ಎರಡು ಬಿಳಿ ಸೂರ್ಯರು, ನೆತ್ತಿಯ ಮೇಲೆ ಉದ್ದಕ್ಕೆ ಪ್ರಭಾವಳಿ, ಬಂಪರಿನಲ್ಲಿ ನಾಲ್ಕು ಮರಿಸೂರ್ಯರು. ಕೈಮುಗಿಯೋಣ ಎಂದರೆ ಸ್ಟಿಯರಿಂಗ್ ಬಿಡುವಂತಿಲ್ಲ. ಕಣ್ಣು ತಾನಾಗಿ ಮುಚ್ಚಿತು. ಬಿಟ್ಟು ನೋಡುವಷ್ಟರಲ್ಲಿ ದೇವರು ಅಂತರ್ಧಾನ, ನನ್ನ ಕಾರಿನ ಎಡಚಕ್ರ ಮಣ್ಣಿನಲ್ಲಿ. ಇರುಳು ಕಂಡ ಬಾವಿಗೆ ಹಗಲು ಬಿದ್ದವನನ್ನು ನೋಡಿ ನಮ್ಮ ಹಿರಿಯರು ನಕ್ಕರು. ನಾವು ಹಗಲು ಕಂಡ ಗುಂಡಿಗೆ ಇರುಳು ಬೀಳುವವರು, ಅದೂ ಝಗಝಗ ಬೆಳಕಿನಲ್ಲಿ.

ಇದಕ್ಕೊಂದು ಕಾನೂನು ಬೇಡವೇ ಅನ್ನಬೇಡಿ. ಇದೆ. ಎಂಥ ಕಾನೂನು ಅಂತೀರಿ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು, ದೀಪ ಹಾಕಿದರೆ 155 ಮೀಟರ್ ಮುಂದಿನ ಮನುಷ್ಯ ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ. ನೂರೈವತ್ತು ಸಾಲದು, ನೂರರವತ್ತು ಹೆಚ್ಚು. ಮುಂದಿನದು 106. ಅದನ್ನು ಬರೆದವರು ಟೇಪು ಹಿಡಿದೇ ರಸ್ತೆಗೆ ಇಳಿದಿರಬೇಕು. ದೀಪದಿಂದ 8 ಮೀಟರ್ ದೂರ, ಬಲಕ್ಕೆ ಅರ್ಧ ಮೀಟರ್, ನೆಲದಿಂದ 1.5 ಮೀಟರ್ ಎತ್ತರ. ಆ ಜಾಗದಲ್ಲಿ ಒಬ್ಬನ ಕಣ್ಣಿದ್ದರೆ ಅದನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರತಕ್ಕದ್ದು.

ಆ ಕಣ್ಣು ಯಾರದು ಎಂದು ನಾನು ಬಹಳ ಯೋಚಿಸಿದೆ. ನನ್ನ ಹೆಂಡತಿ ಐದಡಿ ನಾಲ್ಕಿಂಚು, ಅವಳು ನೆಟ್ಟಗೆ ನಿಂತರೆ ಕಣ್ಣು ಸರಿಸುಮಾರು ಅಲ್ಲಿಗೇ ಬರುತ್ತದೆ. ಅಂದರೆ ಭಾರತ ಸರಕಾರದ ಅಧಿಕೃತ ಕಣ್ಣು ನಮ್ಮ ಮನೆಯಲ್ಲೇ ಇದೆ! ಆದರೆ ಆಕೆ ಕಾರಿನಲ್ಲಿ ಕೂತಕೂಡಲೇ ಕಣ್ಣು ಒಂದಡಿ ಕೆಳಗಿಳಿಯುತ್ತದೆ, ಸ್ಕೂಟರಿನಲ್ಲೂ ಹೆಚ್ಚುಕಡಿಮೆ ಹಾಗೇ. 106ನೇ ನಿಯಮದ ಆಶ್ರಯ ಬೇಕಿದ್ದವರು ಲಾರಿ ಎದುರಾದಾಗ ಎದ್ದು ನಿಲ್ಲಬೇಕು, ರಾಷ್ಟ್ರಗೀತೆಗೆ ನಿಂತಹಾಗೆ.

2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪದವರ ಮೇಲೆ ಕೇಸು ಎಂದು ಆಗಿನ ಎಡಿಜಿಪಿ ಅಲೋಕ್ ಕುಮಾರ್ ಹೇಳಿದ್ದು ನಿಮಗೆ ನೆನಪಿರಬೇಕು. ಒಳ್ಳೆಯ ಕೆಲಸ, ಇದರಲ್ಲಿ ವ್ಯಂಗ್ಯವೇನಿಲ್ಲ. ಸಾವಿರಗಟ್ಟಲೆ ಕೇಸು ಬಿದ್ದವು, ಪತ್ರಿಕೆಯಲ್ಲಿ ಫೋಟೋ ಬಂತು. ಹಾಕಿದ್ದು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್. ಕಾಯ್ದೆಯ ಯಾವ ಕೋಣೆಯಲ್ಲೂ ಜಾಗ ಸಿಗದ ತಪ್ಪುಗಳನ್ನೆಲ್ಲ ಹಾಕಿಡುವ ಅಟ್ಟ ಅದು. ಕೇಂದ್ರದ ಕಾಯ್ದೆಯಲ್ಲಿ ಮೊದಲ ಸಲಕ್ಕೆ 500 ರೂಪಾಯಿ, ಆಮೇಲೆ 1500. ಸಾವಿರಾರು ರೂಪಾಯಿ ಕೊಟ್ಟು ದೀಪ ಹಾಕಿಸಿಕೊಂಡವನಿಗೆ ಐನೂರು ಅಂದರೆ ಫಿಟ್ಟಿಂಗ್ ಚಾರ್ಜು. ಅದನ್ನೂ ಆತುರಪಟ್ಟು ಕಟ್ಟಬೇಕಿಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡದ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಆಷಾಢದ ಸೀರೆ ಸೇಲಿಗೆ ನುಗ್ಗಿದಂತೆ ನುಗ್ಗಿದರು, 2025ರಲ್ಲಿ ಮತ್ತೆ ಅದೇ ಸೇಲ್. ಗಡುವಿನೊಳಗೆ ಪೂರ್ತಿ ದುಡ್ಡು ಕಟ್ಟಿದ ಪಾಪದವನೊಬ್ಬನೇ ದಡ್ಡ.

ದೀಪ ಮಾರುವ ಅಂಗಡಿಯವನಿಗೆ ಯಾವ ಸೆಕ್ಷನ್ನೂ ಇಲ್ಲವೇನೋ, ಹಾಡುಹಗಲು ಮಾರುತ್ತಾನೆ. ಪೆಟ್ಟಿಗೆಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಆಫ್‌ರೋಡ್ ಬಳಕೆಗೆ ಮಾತ್ರ’ ಎಂದಿರುತ್ತದೆ. ಕಾನೂನುಬದ್ಧವೇ ಅನ್ನಿ, ನಮ್ಮಲ್ಲಿ ರೋಡು ಎಲ್ಲಿದೆ? ಹ್ಯಾಲೊಜನ್ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೆಂದು ಲೆಕ್ಕ ಹಾಕಿ ಮಾಡಿದ ಡೂಮಿನೊಳಗೆ ಎಲ್‌ಇಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿ. ಅರ್ಧ ಎದುರಿನವನ ಮುಖಕ್ಕೆ, ಅರ್ಧ ಹುಣಸೆಮರದ ಗೂಬೆಗೆ. ಹಾಕಿಸಿಕೊಂಡವನು ಮಾತ್ರ ‘ಏನ್ ಬೆಳಕು ಗುರೂ’ ಅನ್ನುತ್ತಾನೆ. ನಾವು ಚಿಕ್ಕವರಿದ್ದಾಗ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಳಿಸುತ್ತಿದ್ದರು, ಮಗುವಿಗೆ ದೃಷ್ಟಿಬೊಟ್ಟು ಇಟ್ಟಂತೆ. ಆ ಬೊಟ್ಟು ಅಳಿಸಿದ ಮೇಲೆಯೇ ದೃಷ್ಟಿ ತಗುಲಿದ್ದು, ಅದೂ ಎದುರಿನವನಿಗೆ.

ದೀಪದ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಹಿಂದೆ ಪಾಳೆಯಗಾರರಿಗೆ, ಮಠದ ಸ್ವಾಮಿಗಳಿಗೆ ‘ಹಗಲು ದೀವಟಿಗೆ’ ಎಂಬ ಮರ್ಯಾದೆ ಇತ್ತು. ನಡುಮಧ್ಯಾಹ್ನ ಪಲ್ಲಕ್ಕಿಯ ಮುಂದೆ ಪಂಜು ಹಿಡಿದು ನಡೆಯುವುದು. ಕಾಣಲಿ ಅಂತ ಅಲ್ಲ, ಎಣ್ಣೆ ದಂಡವಾದರೂ ಕೇಳುವವರಿಲ್ಲ ಅಂತ ತೋರಿಸುವುದಕ್ಕೆ. ಸ್ವತಂತ್ರ ಭಾರತದಲ್ಲಿ ಅದು ಕಾರಿನ ತಲೆ ಹತ್ತಿ ಕೆಂಪು ಗೂಟದ ದೀಪವಾಯಿತು. 2017ರ ಮೇ 1ರಂದು ಅದನ್ನು ಕಿತ್ತರು. ವಿಚಿತ್ರ ನೋಡಿ, ಅದಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ, ಏಪ್ರಿಲ್ 1ರಿಂದ, ದ್ವಿಚಕ್ರ ವಾಹನಗಳು ಹಗಲೂ ದೀಪ ಉರಿಸಿಕೊಂಡೇ ಕಾರ್ಖಾನೆಯಿಂದ ಹೊರಬರಬೇಕೆಂಬ ನಿಯಮ ಬಂದಿತ್ತು. ಏಪ್ರಿಲಿನಲ್ಲಿ ಹಾಲು ಹಾಕುವ ಹುಡುಗನಿಗೆ ಹಗಲು ದೀವಟಿಗೆ ಸಿಕ್ಕಿತು, ಮೇನಲ್ಲಿ ಮಂತ್ರಿಯದು ಹೋಯಿತು. ಇಂಥ ಸಾಮಾಜಿಕ ನ್ಯಾಯ ಯಾವ ಆಯೋಗದ ವರದಿಯಿಂದಲೂ ಆಗಿದ್ದಿಲ್ಲ. ದೊಡ್ಡವರು ಅಷ್ಟು ಸುಲಭಕ್ಕೆ ಸೋಲುವವರೇ? ಗೂಟದಿಂದ ಇಳಿದ ದೀಪ ಈಗ ಗ್ರಿಲ್ಲಿನ ಸಂದಿಯಲ್ಲಿ ಕೆಂಪು ನೀಲಿಯಾಗಿ ಮಿಣುಕುತ್ತಿದೆ, ಕದ್ದು ಬೀಡಿ ಸೇದುವವರ ಹಾಗೆ.

ನಾಲ್ಕೂ ಇಂಡಿಕೇಟರು ಒಟ್ಟಿಗೆ ಮಿಟುಕಿಸುವ ಗುಂಡಿಯ ಬಗ್ಗೆ ಬೇರೆಯೇ ಬರೆಯಬೇಕು. ಮಳೆ ಬಂದರೆ ಅದು, ಸರ್ಕಲ್ಲಿನಲ್ಲಿ ನೇರ ಹೋಗುವುದಕ್ಕೆ ಅದು, ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಲ್ಲಿಸಿ ‘ಎರಡೇ ನಿಮಿಷ ಸಾರ್’ ಅನ್ನುವುದಕ್ಕೂ ಅದೇ. ಎಡಕ್ಕೆ ತಿರುಗುವುದಕ್ಕೆ ಮಾತ್ರ ಏನೂ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಆಟೋದವರೇ ಪ್ರಾಮಾಣಿಕರು. ಕಾಲು ಹೊರಗೆ ಬಂತೆಂದರೆ ಆಟೋ ತಿರುಗಿತು. ಕಾಲಿಗೆ ಫ್ಯೂಸ್ ಹೋಗುವುದಿಲ್ಲ.

ಇಷ್ಟು ಹೊತ್ತು ನಗುತ್ತಾ ಬರೆದೆ. ಮೊನ್ನೆ ಆ ದೇವರು ಹೋದಮೇಲೆ ಏನಾಯಿತು ಎಂದು ಹೇಳಲಿಲ್ಲ. ಮತ್ತೆ ರಸ್ತೆಗೆ ಹತ್ತಿ ಒಂದು ಕಿಲೋಮೀಟರ್ ಹೋಗಿರಬೇಕು, ಎದುರಿಗೆ ಕತ್ತಲೆಗಿಂತ ಸ್ವಲ್ಪ ಹೆಚ್ಚು ಕಪ್ಪಾದ ಒಂದು ಗೋಡೆ. ಬ್ರೇಕಿನ ಮೇಲೆ ನಿಂತೆ. ಕಬ್ಬು ತುಂಬಿದ ಟ್ರೈಲರು. ಮುಂದೆ ಟ್ರಾಕ್ಟರಿಗೆ ಬಣ್ಣಬಣ್ಣದ ಸೀರಿಯಲ್ ಸೆಟ್ಟು, ಎರಡು ಆಳುದ್ದದ ಸ್ಪೀಕರು, ಊರೆಲ್ಲ ಕೇಳುವ ಹಾಡು. ಹಿಂದೆ ಒಂದು ಬಲ್ಬಿಲ್ಲ, ಒಂದು ಗೇಣು ಹೊಳೆಯುವ ಪಟ್ಟಿಯಿಲ್ಲ. 155 ಮೀಟರಿನಿಂದ ಕಾಣುವ ಕೆಂಪು ದೀಪ ಹಿಂದಕ್ಕೂ ಇರಬೇಕೆಂದು ಅದೇ 105ನೇ ನಿಯಮ ಹೇಳುತ್ತದೆ. ನನಗೆ ಕಂಡಿದ್ದು ಹತ್ತು ಮೀಟರಿನಲ್ಲಿ.

ಎರಡು ಟೀ ಕುಡಿಯುವ ದುಡ್ಡಿಗೆ ಬರುವ ಬಲ್ಬು ಅದು. ಪ್ರತಿ ವರ್ಷ ಕಬ್ಬು ಕಡಿಯುವ ಕಾಲ ಬಂದಾಗ ಮಂಡ್ಯದಿಂದಲೂ ಬೆಳಗಾವಿ, ಬಾಗಲಕೋಟೆಯಿಂದಲೂ ಅದೇ ಸುದ್ದಿ ಬರುತ್ತದೆ: ನಿಂತಿದ್ದ ಟ್ರ್ಯಾಕ್ಟರ್‌ಗೆ ಬೈಕ್ ಡಿಕ್ಕಿ, ಸವಾರ ಸಾವು. ಅತಿವೇಗವೇ ಕಾರಣ ಎಂದು ಕೆಳಗೊಂದು ಸಾಲು. ಸತ್ತವನು ಬಂದು ನನಗೆ ಕಾಣಲಿಲ್ಲ ಎನ್ನುತ್ತಾನೆಯೇ? ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ತೂಕವನ್ನು ಕ್ವಿಂಟಲ್ ಲೆಕ್ಕದಲ್ಲಿ ನೋಡುವವರಿಗೆ ಟ್ರೈಲರಿನ ಹಿಂದೆ ಒಂದು ಸಲ ಬಂದು ನೋಡಲು ಆಗುವುದಿಲ್ಲ. ರಸ್ತೆ ಸುರಕ್ಷತಾ ಮಾಸ ಬಂದಾಗ ಒಂದು ದಿನ ಅಧಿಕಾರಿಗಳು ನಿಂತು ಸ್ಟಿಕರ್ ಅಂಟಿಸುತ್ತಾರೆ, ಫೋಟೋ ತೆಗೆಸುತ್ತಾರೆ, ಮುಗಿಯಿತು. ಸಾಕಾಗಿದೆ. ಎದುರಿನ ದೀಪ ನಮ್ಮ ಷೋಕಿ, ಅದಕ್ಕೆ ದುಡ್ಡಿದೆ. ಹಿಂದಿನ ದೀಪ ಯಾರೋ ಹಿಂದೆ ಬರುವವನಿಗೆ, ಅವನು ಯಾರ ಮಗನೋ.

ಆ ಟ್ರೈಲರಿನ ಬೆನ್ನಿಗೆ ಏನೋ ಬರೆದಿತ್ತು. ನನ್ನ ದೀಪದಲ್ಲಿ ಓದಿಕೊಂಡೆ: ‘ರಾತ್ರಿ ಡಿಮ್ ಮಾಡಿ’.

ಇವತ್ತು ಬೆಳಗ್ಗೆ ಸ್ಕೂಟರಿನಲ್ಲಿ ಹಾಲಿಗೆ ಹೋದಾಗ ಬೂತಿನ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದರು.

“ಲೈಟು ಉರೀತಾ ಐತೆ ಕಣಪ್ಪ.”

“ಅದು ಯಾವಾಗ್ಲೂ ಉರಿಯುತ್ತೆ ಯಜಮಾನ್ರೆ, ಸರಕಾರದ ರೂಲ್ಸು. ಆರಿಸೋಕೆ ಸ್ವಿಚ್ಚೇ ಕೊಟ್ಟಿಲ್ಲ.”

ಅವರು ಸೂರ್ಯನನ್ನೊಮ್ಮೆ, ನನ್ನ ಹೆಡ್‌ಲೈಟನ್ನೊಮ್ಮೆ ನೋಡಿದರು.

“ಹಂಗಾರೆ ಬೇಗ ರಿಪೇರಿ ಮಾಡ್ಸು. ಬ್ಯಾಟ್ರಿ ಹೊಂಟೋಯ್ತದೆ.”