ಕಲಂ ಒಂದೇ ಸಾಲದು

ಲಿಂಗತ್ವ ಅಲ್ಪಸಂಖ್ಯಾತ (ಟ್ರಾನ್ಸ್‌ಜೆಂಡರ್) ವಿದ್ಯಾರ್ಥಿಗಳ ಕಾಲೇಜು ಪ್ರವೇಶದ ಕುರಿತು ಪತ್ರಿಕೆಯಲ್ಲಿ ಬಂದ ಲೇಖನವು, ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬುದರ ಜೊತೆಗೆ ‘ಇತರೆ’ ಎಂಬ ಕಲಂ ಸೇರಿಸಿದರೆ ಸಾಕು ಎಂಬ ಧಾಟಿಯಲ್ಲಿ ಮುಗಿದಿದೆ. ಸಾಲದು ಸ್ವಾಮಿ. ಕೊಪ್ಪಳದ ಪದವಿ ಕಾಲೇಜೊಂದರಲ್ಲಿ ದಾಖಲೆ ಪರಿಶೀಲನೆಗೆ ಕೂರುವವನು ನಾನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗಂಡು ಹೆಸರು, ಎದುರು ನಿಂತವಳು ಹುಡುಗಿ. ಗುಮಾಸ್ತರು ಸಾಲಿನ ಮುಂದೆ ಆ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಅವಳು ಮರುದಿನ ಬರುತ್ತಾಳೆಯೇ? ಹೆಸರಿನ ಬದಲು ಟೋಕನ್ ಸಂಖ್ಯೆ ಕರೆಯಲು ಖರ್ಚೇನೂ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ಅವರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ ಎಂಬುದನ್ನಾದರೂ ಪ್ರವೇಶ ಸಮಿತಿಯವರು ತಿಳಿದಿರಬೇಕು. ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ‘ನಮ್ಮ ಭಾಗದವರು’ ಎಂದು ಹೆಮ್ಮೆಪಟ್ಟವರಲ್ಲವೇ ನಾವು?

ಸಲಿಂಗಾಸಕ್ತ ವಿದ್ಯಾರ್ಥಿಗಳನ್ನಂತೂ ಲೇಖಕರು ಮರೆತೇಬಿಟ್ಟಿದ್ದಾರೆ. ಅವರಿಗೆ ಬೇಕಿರುವುದು ಪ್ರಮಾಣಪತ್ರವಲ್ಲ, ಹಾಸ್ಟೆಲಿನಲ್ಲಿ ನೆಮ್ಮದಿ. ಲೈಂಗಿಕ ಒಲವಿನ ಕಾರಣಕ್ಕೆ ನೀಡುವ ಕಿರುಕುಳವೂ ರ‍್ಯಾಗಿಂಗ್ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2016ರಲ್ಲೇ ನಿಯಮಕ್ಕೆ ಸೇರಿಸಿದೆ. ಪ್ರವೇಶದ ವೇಳೆ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಬರೆಸಿಕೊಳ್ಳುತ್ತೇವಲ್ಲ, ಆಗಲೇ ಇದನ್ನು ಎಲ್ಲರಿಗೂ ಓದಿ ಹೇಳಬಹುದು. ಆದರೆ ಪಕ್ಕದಲ್ಲಿ ಅಪ್ಪ ನಿಂತಿರುವಾಗ ‘ನೀನು ಅಂಥವನೇ?’ ಎಂದು ದಯವಿಟ್ಟು ಯಾರನ್ನೂ ಕೇಳಬೇಡಿ. ಕಾಳಜಿಯಿಂದ ಕೇಳಿದರೂ ಅಷ್ಟೇ. ಮನೆಗೆ ಹೋದ ಮೇಲೆ ಏಟು ತಿನ್ನುವುದು ಆ ಹುಡುಗ.